ಸುರತ್ಕಲ್ ಎನ್‌ಐಟಿಕೆಯಲ್ಲಿ ಸೀಟು ಸಿಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಲೆನಾಡಿನ ಒಂದು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಎಂಜಿನಿಯರಿಂಗ್ ಸೀಟಿಗೆ ಬರೆಯುವ ದೇಶಮಟ್ಟದ ಪರೀಕ್ಷೆ ಜೆಇಇ ಮೇನ್ ಫಲಿತಾಂಶ ಬಂದ ದಿನದಿಂದ ಜುಲೈ ಕೊನೆಯವರೆಗೆ ನನ್ನ ಫೋನಿಗೆ ಬಿಡುವಿಲ್ಲ. "ಸರ್, ಮಗನಿಗೆ ಇಷ್ಟು ಬಂದಿದೆ, ಸುರತ್ಕಲ್ ಸಿಗುತ್ತಾ?" ಇದೊಂದೇ ಪ್ರಶ್ನೆ, ನೂರು ಬಗೆಯಲ್ಲಿ. 1960ರಲ್ಲಿ ಕೆಆರ್‌ಇಸಿ (ಕರ್ನಾಟಕ ರೀಜನಲ್ ಎಂಜಿನಿಯರಿಂಗ್ ಕಾಲೇಜು) ಅಂತ ಶುರುವಾದ ಕಾಲೇಜು ಇದು. 2002ರಲ್ಲಿ ಎನ್‌ಐಟಿ (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ) ಆಯಿತು. ನಮ್ಮ ಕಡೆಯ ಹಿರಿಯರು ಈಗಲೂ ಕೆಆರ್‌ಇಸಿ ಅಂತಲೇ ಕರೆಯುತ್ತಾರೆ.

ಇಷ್ಟು ವರ್ಷ ಮಕ್ಕಳ ಜೊತೆ ಕೂತು ಕಟ್‌ಆಫ್ ಪಟ್ಟಿ (ಯಾವ ಸೀಟು ಯಾವ ರ‍್ಯಾಂಕಿನವರೆಗೆ ಹೋಯಿತು ಅನ್ನುವ ಪಟ್ಟಿ) ನೋಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಚಾನ್ಸ್ ಲೆಕ್ಕ ಹಾಕುವುದು ಅಂದರೆ ಆ ಪಟ್ಟಿಯಲ್ಲಿ ನಿಮ್ಮ ಸಾಲನ್ನು ಹುಡುಕುವುದು. ಎಷ್ಟೋ ಮನೆಗಳಲ್ಲಿ ಬೇರೆ ಯಾರದೋ ಸಾಲು ನೋಡಿ ಖುಷಿಪಡುತ್ತಾರೆ. ಇಲ್ಲವೇ ಸುಮ್ನೆ ಎದೆಗುಂದುತ್ತಾರೆ. ಅದಕ್ಕೇ ಇದನ್ನು ಬರೆದಿದ್ದೇನೆ.

98.5 ಪರ್ಸೆಂಟೈಲ್ ಬಂದಿದೆ. ಸಿಗುತ್ತಾ?

ಪರ್ಸೆಂಟೈಲ್, ಅಂದರೆ ಬರೆದವರಲ್ಲಿ ನೂರಕ್ಕೆ ಎಷ್ಟು ಜನ ನಿಮ್ಮ ಹಿಂದಿದ್ದಾರೆ ಅನ್ನುವ ಲೆಕ್ಕ. ಅದನ್ನು ನೋಡಿ ಹೇಳೋಕಾಗಲ್ಲ. ಮೊದಲು ಅದನ್ನು ರ‍್ಯಾಂಕಿಗೆ ಇಳಿಸಿ. ಈಚಿನ ವರ್ಷಗಳಲ್ಲಿ ಜೆಇಇ ಮೇನ್ ಬರೆದವರು 14ರಿಂದ 15 ಲಕ್ಷ. 100ರಲ್ಲಿ ನಿಮ್ಮ ಪರ್ಸೆಂಟೈಲ್ ಕಳೆಯಿರಿ. ಉಳಿದದ್ದನ್ನು ಬರೆದವರ ಸಂಖ್ಯೆಯಿಂದ ಗುಣಿಸಿ, 100ರಿಂದ ಭಾಗಿಸಿ. 15 ಲಕ್ಷ ಅಂತ ಇಟ್ಟುಕೊಂಡರೆ 99 ಅಂದರೆ ಸುಮಾರು 15,000ನೇ ರ‍್ಯಾಂಕ್. 98.5 ಅಂದರೆ 22,500. 97 ಅಂದರೆ 45,000. ಅರ್ಧ ಪರ್ಸೆಂಟೈಲ್ ಕಮ್ಮಿಯಾದರೆ 7,500 ಜನ ಮುಂದೆ ಹೋದ ಹಾಗೆ. "ಬರೀ ಅರ್ಧ ತಾನೇ" ಅನ್ನುವಂತಿಲ್ಲ.

ಇನ್ನು 22,500ಕ್ಕೆ ಸಿಗುತ್ತಾ ಅಂದರೆ, ಯಾವ ಬ್ರಾಂಚ್ ಅಂತ ನಾನು ಮರುಪ್ರಶ್ನೆ ಕೇಳಬೇಕಾಗುತ್ತದೆ. ಕಂಪ್ಯೂಟರ್ ಸೈನ್ಸ್‌ನ ಓಪನ್ (ಮೀಸಲಾತಿ ಇಲ್ಲದ) ಸೀಟುಗಳು ನಾಲ್ಕಂಕಿಯ ರ‍್ಯಾಂಕಿನಲ್ಲೇ ಮುಗಿದುಹೋಗುತ್ತವೆ. ಸಿವಿಲ್, ಮೈನಿಂಗ್ ಸೀಟುಗಳು ಹತ್ತಾರು ಸಾವಿರದವರೆಗೆ ಹೋಗುತ್ತವೆ. ಕಾಲೇಜು ಒಂದೇ ಆದರೂ ಒಂದೊಂದು ಬ್ರಾಂಚಿನ ಬಾಗಿಲು ಒಂದೊಂದು ಎತ್ತರದಲ್ಲಿದೆ.

ಜನವರಿ ಫಲಿತಾಂಶ ನೋಡಿಯೇ ರ‍್ಯಾಂಕ್ ಗೊತ್ತಾಗುತ್ತಾ?

ಇಲ್ಲ. ಜನವರಿ, ಏಪ್ರಿಲ್ ಎರಡೂ ಸಲ ಬರೆದವರಿಗೆ ಜಾಸ್ತಿ ಬಂದದ್ದನ್ನು ಲೆಕ್ಕಕ್ಕೆ ಹಿಡಿದು, ಏಪ್ರಿಲ್ ಪರೀಕ್ಷೆ ಮುಗಿದ ಮೇಲೆ ರ‍್ಯಾಂಕ್ ಕೊಡುತ್ತಾರೆ. ಜನವರಿಯಲ್ಲಿ ನಿಮ್ಮ ಹಿಂದೆ ಇದ್ದವರು ಏಪ್ರಿಲ್‌ನಲ್ಲಿ ಮುಂದೆ ಬರುತ್ತಾರೆ. ಹಾಗಾಗಿ ಜನವರಿಯ ಅಂದಾಜು ರ‍್ಯಾಂಕಿಗಿಂತ ನಿಜವಾದ ರ‍್ಯಾಂಕ್ ಸ್ವಲ್ಪ ಹಿಂದೆ ಬೀಳುವುದು ಸಹಜ. ಜನವರಿಯದು ಚೆನ್ನಾಗಿ ಬಂದಿದೆ ಅಂತ ಏಪ್ರಿಲ್ ಬಿಡಬೇಡಿ. ಎರಡನೇ ಸಲ ಕಮ್ಮಿ ಬಂದರೂ ಮೊದಲನೆಯದು ಎಲ್ಲೂ ಹೋಗುವುದಿಲ್ಲ.

"ಇಷ್ಟು ಮಾರ್ಕ್ಸ್‌ಗೆ ಇಷ್ಟು ಪರ್ಸೆಂಟೈಲ್" ಅನ್ನುವ ಪಟ್ಟಿಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವಲ್ಲ, ಅವನ್ನೂ ಪೂರ್ತಿ ನಂಬಬೇಡಿ. ಪರ್ಸೆಂಟೈಲ್ ಲೆಕ್ಕ ಆಯಾ ಶಿಫ್ಟಿನಲ್ಲಿ ಬರೆದವರ ನಡುವೆ ಮಾತ್ರ. ಪೇಪರ್ ಕಷ್ಟ ಇದ್ದ ಶಿಫ್ಟಿನಲ್ಲಿ ಕಮ್ಮಿ ಮಾರ್ಕ್ಸ್‌ಗೇ ಒಳ್ಳೆ ಪರ್ಸೆಂಟೈಲ್ ಬರುತ್ತದೆ.

ನಾವು ಅಪ್ಪಟ ಕನ್ನಡಿಗರು. ಕರ್ನಾಟಕದ ಕೋಟಾ ನಮಗೆ ಇದ್ದೇ ಇರುತ್ತೆ ಅಲ್ವಾ?

ಅತಿ ಹೆಚ್ಚು ಮನೆಗಳು ಎಡವುವುದು ಇಲ್ಲೇ. ಎನ್‌ಐಟಿಗಳಲ್ಲಿ ಅರ್ಧ ಸೀಟು ಆ ರಾಜ್ಯದವರಿಗೆ. ಪಟ್ಟಿಯಲ್ಲಿ ಅದನ್ನು ಹೋಮ್ ಸ್ಟೇಟ್ ಅಂತ ತೋರಿಸುತ್ತಾರೆ. ಉಳಿದರ್ಧ ಅದರ್ ಸ್ಟೇಟ್. ಆದರೆ "ಆ ರಾಜ್ಯದವರು" ಅಂದರೆ ಯಾರು? ಹನ್ನೆರಡನೇ ತರಗತಿ, ಅಂದರೆ ನಮ್ಮ ದ್ವಿತೀಯ ಪಿಯು, ಯಾವ ರಾಜ್ಯದಲ್ಲಿ ಪಾಸು ಮಾಡಿದ್ದೀರೋ ಆ ರಾಜ್ಯದವರು. ಹುಟ್ಟಿದ ಊರು, ಮನೆಮಾತು, ಆಧಾರ್ ವಿಳಾಸ, ಅಪ್ಪನ ರೇಷನ್ ಕಾರ್ಡು, ಯಾವುದನ್ನೂ ಕೇಳುವುದಿಲ್ಲ.

ಇದರ ಪರಿಣಾಮ ನೋಡಿ. ದಾವಣಗೆರೆಯ ಹುಡುಗ ಕೋಚಿಂಗ್‌ಗೆ ಅಂತ ರಾಜಸ್ಥಾನದ ಕೋಟಾ ನಗರಕ್ಕೆ ಹೋಗಿ, ಅಲ್ಲೇ ಹನ್ನೆರಡನೇ ತರಗತಿ ಮುಗಿಸಿದರೆ ಅವನು ರಾಜಸ್ಥಾನದವನು. ಸುರತ್ಕಲ್ ಅವನಿಗೆ ಹೊರರಾಜ್ಯ. ಹೈದರಾಬಾದಿನ ಕಾಲೇಜಿಗೆ ಸೇರಿದ ಬಳ್ಳಾರಿಯ ಹುಡುಗಿಯದೂ ಅದೇ ಕಥೆ. ಇನ್ನೊಂದು ಕಡೆ, ಪಾಟ್ನಾದಿಂದ ಬಂದು ಬೆಂಗಳೂರಿನಲ್ಲಿ ಪಿಯು ಓದಿದ ಮಗು ಇಲ್ಲಿ ಹೋಮ್ ಸ್ಟೇಟ್.

ಸಿಇಟಿಯ ನಿಯಮ ತಲೆಯಲ್ಲಿರುವುದರಿಂದಲೇ ಈ ಗೊಂದಲ. ಅಲ್ಲಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಾರಾ ಅಂತ ನೋಡುವ ಪದ್ಧತಿ ಇದೆ. ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾ ಕೌನ್ಸೆಲಿಂಗ್‌ನಲ್ಲಿ ಅದು ನಡೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ತಂದೆತಾಯಿಗೆ ನಾನು ಕೈಮುಗಿದು ಹೇಳುವುದು ಇದನ್ನೇ. ಹೊರರಾಜ್ಯದ ಕಾಲೇಜಿಗೆ ಸೇರಿಸುವ ಮುಂಚೆ ಈ ಲೆಕ್ಕ ಮಾಡಿ. ಸುರತ್ಕಲ್‌ನಲ್ಲಿ ಬಹುತೇಕ ಬ್ರಾಂಚ್‌ಗಳ ಹೋಮ್ ಸ್ಟೇಟ್ ಕಟ್‌ಆಫ್ ಹೊರರಾಜ್ಯದ್ದಕ್ಕಿಂತ ಸಡಿಲ. ಎರಡು ವರ್ಷ ಆದ ಮೇಲೆ ಗೊತ್ತಾದರೆ ಸರಿಮಾಡುವ ದಾರಿ ಇರುವುದಿಲ್ಲ.

ಇನ್ನೊಂದು ಮಾತು. ಹೋಮ್ ಸ್ಟೇಟ್ ಸಾಲಿನಲ್ಲಿ ಕಾಣುವುದೂ ದೇಶದ ರ‍್ಯಾಂಕೇ. "ಕರ್ನಾಟಕಕ್ಕೆ ನನ್ನ ರ‍್ಯಾಂಕ್ ಎಷ್ಟು" ಅಂತ ಬೇರೆ ಹುಡುಕಬೇಡಿ.

ನಮ್ಮದು 3ಎ. ಒಬಿಸಿ ಸಾಲು ನೋಡಬಹುದಾ?

ಸುಮ್ನೆ ಹಾಗೆ ನೋಡುವಂತಿಲ್ಲ. 1, 2ಎ, 2ಬಿ, 3ಎ, 3ಬಿ ಇವೆಲ್ಲ ನಮ್ಮ ರಾಜ್ಯದ ಪ್ರವರ್ಗಗಳು. ಎನ್‌ಐಟಿಯಲ್ಲಿ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ. ರಾಜ್ಯದ ಪಟ್ಟಿಯಲ್ಲಿರುವ ಕೆಲವು ಜಾತಿ, ಉಪಜಾತಿಗಳು ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಹಿಂದುಳಿದ ವರ್ಗಗಳ ರಾಷ್ಟ್ರೀಯ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಪಟ್ಟಿ ಇದೆ. ನಿಮ್ಮ ಜಾತಿಯ ಹೆಸರು ಅಲ್ಲಿ ಹೇಗೆ ಬರೆದಿದೆ ಅಂತ ಅಕ್ಷರ ಅಕ್ಷರ ಓದಿ. ಇದ್ದರೆ, ಕೆನೆಪದರಕ್ಕೆ ಸೇರಿಲ್ಲ ಅನ್ನುವ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ಮಾಡಿಸಬೇಕು.

ಒಂದು ಜೂನ್ ತಿಂಗಳಲ್ಲಿ ನಮ್ಮ ಕಾಲೇಜಿನ ಹುಡುಗನೊಬ್ಬ ಅಪ್ಪನ ಜೊತೆ ಮನೆಗೆ ಬಂದಿದ್ದ. ಹೊರಗೆ ಜೋರು ಮಳೆ. ಅಪ್ಪ ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದ ಪ್ಲಾಸ್ಟಿಕ್ ಕವರನ್ನು ಬಿಚ್ಚಿ, ಒಂದೊಂದೇ ಕಾಗದವನ್ನು ಟೇಬಲ್ ಮೇಲೆ ಹರಡಿದರು. ಒಂದೂ ಒದ್ದೆಯಾಗಿರಲಿಲ್ಲ. ಜಾತಿ ಪ್ರಮಾಣಪತ್ರ ಇತ್ತು, ಆದಾಯದ್ದೂ ಇತ್ತು. ಎರಡೂ ಸಿಇಟಿಗೆ ಮಾಡಿಸಿದವು. ಕೇಂದ್ರದ ನಮೂನೆಯದು ಒಂದು ಇತ್ತು, ತಾರೀಖು ಫೆಬ್ರವರಿ. ಜೋಸಾಕ್ಕೆ ಬೇಕಾದ್ದು ಆ ವರ್ಷದ ಏಪ್ರಿಲ್ 1 ಅಥವಾ ಆಮೇಲೆ ಕೊಟ್ಟದ್ದು. ಆ ಮನುಷ್ಯ ತಾರೀಖಿನ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಮಾರನೇ ದಿನ ಅಡಿಕೆ ತೋಟದ ಔಷಧಿ ಕೆಲಸ ಬಿಟ್ಟು ನಾಡಕಚೇರಿಗೆ ಓಡಿದರು. ಪತ್ರ ಸಿಕ್ಕಿತು, ಸೀಟೂ ಸಿಕ್ಕಿತು. ಆದರೆ ಆ ಒಂದು ವಾರ ಅವರ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಹಾಕಿ. ಇಷ್ಟೇ ನನ್ನ ಕೋರಿಕೆ.

ಕೇಂದ್ರದ ಪಟ್ಟಿಯಲ್ಲಿ ಜಾತಿ ಇಲ್ಲದಿದ್ದರೆ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ನೋಡಿ. ಅದಕ್ಕೆ 10 ಶೇಕಡಾ ಸೀಟು. ಕುಟುಂಬದ ವರ್ಷದ ಆದಾಯ 8 ಲಕ್ಷಕ್ಕಿಂತ ಕಮ್ಮಿ ಇರಬೇಕು. ಜಮೀನು 5 ಎಕರೆ ಮುಟ್ಟಿದರೆ ಆಗುವುದಿಲ್ಲ, ಮನೆ ಮತ್ತು ನಿವೇಶನದ ಅಳತೆಗೂ ಮಿತಿ ಇದೆ. ಇದಕ್ಕೂ ಏಪ್ರಿಲ್ 1ರ ನಿಯಮವೇ.

ಪಟ್ಟಿಯಲ್ಲಿ ನನ್ನ ಸಾಲು ಹುಡುಕುವುದು ಹೇಗೆ?

ಜೋಸಾ ಪಟ್ಟಿಯ ಪ್ರತಿ ಸಾಲಿನಲ್ಲಿ ಸಂಸ್ಥೆ, ಬ್ರಾಂಚ್, ಕೋಟಾ, ಸೀಟಿನ ಬಗೆ, ಲಿಂಗ, ಓಪನಿಂಗ್ ರ‍್ಯಾಂಕ್, ಕ್ಲೋಸಿಂಗ್ ರ‍್ಯಾಂಕ್ (ಸೀಟು ಸಿಕ್ಕ ಕೊನೆಯವರದು) ಇರುತ್ತವೆ. ಸುರತ್ಕಲ್‌ನ ಒಂದೇ ಒಂದು ಬ್ರಾಂಚ್ ತಗೊಳ್ಳಿ. ಕೋಟಾ ಎರಡು. ಸೀಟಿನ ಬಗೆ ಐದು: ಓಪನ್, ಇಡಬ್ಲ್ಯುಎಸ್, ಒಬಿಸಿ, ಎಸ್‌ಸಿ, ಎಸ್‌ಟಿ. ಲಿಂಗದ ಕಾಲಂನಲ್ಲಿ ಎರಡು: ಎಲ್ಲರಿಗೂ ಇರುವುದು, ಹುಡುಗಿಯರಿಗೆ ಮಾತ್ರ ಇರುವುದು. ವಿಶೇಷಚೇತನರ ಸಾಲುಗಳನ್ನು ಬಿಟ್ಟರೂ ಒಂದು ಬ್ರಾಂಚಿಗೆ 20 ಸಾಲು ಆಯಿತು. ಪಕ್ಕದ ಮನೆಯವರ ಮಗನಿಗೆ ಇಷ್ಟಕ್ಕೆ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ಈ 20ರಲ್ಲಿ ಯಾವ ಸಾಲು ಅಂತ ಮೊದಲು ಕೇಳಿ.

ಇಲ್ಲಿ ದೊಡ್ಡ ತಪ್ಪು ಒಂದಿದೆ. ಓಪನ್ ಸಾಲಿನಲ್ಲಿ ಕಾಣುವುದು ಎಲ್ಲರನ್ನೂ ಸೇರಿಸಿದ ರ‍್ಯಾಂಕ್, ಅಂದರೆ ಸಿಆರ್‌ಎಲ್. ಒಬಿಸಿ ಸಾಲಿನಲ್ಲಿ ಕಾಣುವುದು ಒಬಿಸಿಯವರ ನಡುವಿನ ರ‍್ಯಾಂಕ್. ಎಸ್‌ಸಿ, ಎಸ್‌ಟಿ, ಇಡಬ್ಲ್ಯುಎಸ್‌ಗೂ ಹಾಗೇ. ಒಬಿಸಿ ಸಾಲಿನಲ್ಲಿ 6,000 ಅಂತ ಇದೆ, ನನ್ನ ಸಿಆರ್‌ಎಲ್ 18,000, ಆಸೆ ಬಿಡಬೇಕು ಅಂತ ಅತ್ತುಕೊಂಡು ಬಂದ ಹುಡುಗಿ ಒಬ್ಬಳಿದ್ದಳು. ಅವಳ ಸ್ಕೋರ್‌ಕಾರ್ಡಿನ ಕೆಳಗಿನ ಸಾಲಿನಲ್ಲಿ ಒಬಿಸಿ ರ‍್ಯಾಂಕ್ ಬೇರೆ ಇತ್ತು, ಅದು 6,000ದ ಒಳಗೇ ಇತ್ತು. ಅವಳು ಅದನ್ನು ಗಮನಿಸಿರಲಿಲ್ಲ.

ಮೀಸಲಾತಿ ಇರುವವರು ಓಪನ್ ಸೀಟಿಗೂ ಅರ್ಹರೇ. ಹಾಗಾಗಿ ಒಬಿಸಿ ಹುಡುಗ ಎರಡು ಸಾಲು ನೋಡಬೇಕು. ಒಬಿಸಿ ಹುಡುಗಿ ನಾಲ್ಕು ಸಾಲು ನೋಡಬೇಕು. ಕರ್ನಾಟಕದಲ್ಲಿ ಪಿಯು ಮುಗಿಸಿದವರಿಗೆ ಸುರತ್ಕಲ್‌ನಲ್ಲಿ ಹೋಮ್ ಸ್ಟೇಟ್ ಸಾಲು ಮಾತ್ರ. ತಿರುಚಿರಾಪಳ್ಳಿ, ವಾರಂಗಲ್, ಕ್ಯಾಲಿಕಟ್ ನೋಡುವಾಗ ಅದರ್ ಸ್ಟೇಟ್ ಸಾಲು.

ಹುಡುಗಿಯರಿಗೆ ಬೇರೆ ಸೀಟು ಇದೆಯಾ?

ಇದೆ. 2018ರಿಂದ ಹುಡುಗಿಯರಿಗೆಂದೇ ಹೆಚ್ಚುವರಿ ಸೀಟುಗಳನ್ನು ಇಟ್ಟಿದ್ದಾರೆ. ಹುಡುಗರ ಸೀಟು ಕಿತ್ತು ಕೊಟ್ಟದ್ದಲ್ಲ, ಮೇಲೆ ಸೇರಿಸಿದ್ದು. "ನಮ್ಮ ಹುಡುಗಿಗೆ ಅಷ್ಟು ದೂರ ಯಾಕೆ" ಅನ್ನುವ ಮನೆಯವರಿಗೆ ನಾನು ಈ ಸಾಲನ್ನು ತೆರೆದು ತೋರಿಸುತ್ತೇನೆ. ಮಗಳ ರ‍್ಯಾಂಕಿಗೆ ಸಿಗುವ ಸೀಟನ್ನು ಹಾಳುಮಾಡಬೇಡಿ ಅಂತ ಬಹಳ ಸಲ ವಾದ ಮಾಡಿದ್ದೇನೆ, ಇನ್ನೂ ಮಾಡುತ್ತೇನೆ.

ಕಳೆದ ವರ್ಷದ ಕಟ್‌ಆಫ್ ಈ ವರ್ಷವೂ ಅಷ್ಟೇ ಇರುತ್ತಾ?

ಅಷ್ಟೇ ಇರುವುದಿಲ್ಲ, ತೀರಾ ದೂರವೂ ಹೋಗುವುದಿಲ್ಲ. ಬರೆದವರ ಸಂಖ್ಯೆ ಏರಿದರೆ ಅದೇ ಪರ್ಸೆಂಟೈಲ್‌ಗೆ ರ‍್ಯಾಂಕ್ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ವರ್ಷ ವರ್ಷ ಹೋಲಿಸುವಾಗ ರ‍್ಯಾಂಕನ್ನು ರ‍್ಯಾಂಕಿನ ಜೊತೆ ಹೋಲಿಸಿ, ಪರ್ಸೆಂಟೈಲ್ ಜೊತೆ ಬೇಡ. ಸೀಟು ಹೆಚ್ಚಾದರೆ, ಹೊಸ ಬ್ರಾಂಚ್ ಬಂದರೆ ಹಳೆಯ ಬ್ರಾಂಚಿನ ಕಟ್‌ಆಫ್ ಸ್ವಲ್ಪ ಸಡಿಲವಾಗಬಹುದು.

ನಾನು ಮಾಡುವ ಕ್ರಮ ಹೀಗಿದೆ. ಒಂದು ಬಿಳಿ ಹಾಳೆ, ಮೂರು ವರ್ಷದ ಕ್ಲೋಸಿಂಗ್ ರ‍್ಯಾಂಕ್, ಪ್ರತಿ ವರ್ಷದ ಸೀಟು ಹಂಚಿಕೆಯ ಕೊನೇ ರೌಂಡಿನದು. ನಿಮ್ಮ ರ‍್ಯಾಂಕ್ ಮೂರೂ ವರ್ಷದ ಒಳಗಿದ್ದರೆ ಹಸಿರು ಪೆನ್ನಿನಲ್ಲಿ ಗುರುತು. ಒಂದೆರಡು ವರ್ಷದ ಒಳಗೆ ಮಾತ್ರ ಇದ್ದರೆ ನೀಲಿ. ಮೂರರಲ್ಲೂ ಹೊರಗಿದ್ದರೆ ಕೆಂಪು. ಕೆಂಪು ಅಂದರೂ ಪಟ್ಟಿಯಿಂದ ತೆಗೆಯಬೇಡಿ, ಅದರ ಮೇಲೆ ಭರವಸೆ ಇಟ್ಟುಕೊಂಡು ಬೇರೆ ಸೀಟು ಬಿಡಬೇಡಿ ಅಂತಷ್ಟೇ.

ಮೊದಲ ರೌಂಡಿನ ಕಟ್‌ಆಫ್ ನೋಡಿ ಹೆದರಬೇಡಿ. ರೌಂಡ್ ಮುಂದೆ ಹೋದ ಹಾಗೆ ಕೆಲವರು ಐಐಟಿಗೆ ಏರುತ್ತಾರೆ, ಕೆಲವರು ಖಾಸಗಿ ಕಾಲೇಜಿಗೆ, ಕೆಲವರು ಸಿಇಟಿ ಸೀಟಿಗೆ ಹೋಗುತ್ತಾರೆ. ಅವರು ಬಿಟ್ಟ ಸೀಟು ಕೆಳಗೆ ಇಳಿಯುತ್ತದೆ. ಓಪನಿಂಗ್ ರ‍್ಯಾಂಕ್ ಅನ್ನುವುದು ಆ ಸಾಲಿನಲ್ಲಿ ಸೀಟು ಪಡೆದವರಲ್ಲಿ ಮೊದಲನೆಯವರದು. ಅದರಿಂದ ನಿಮಗೇನೂ ಉಪಯೋಗವಿಲ್ಲ.

ಸಿಗದ ಬ್ರಾಂಚನ್ನು ಮೇಲೆ ಹಾಕಿದರೆ ಸಿಗುವುದೂ ಕೈತಪ್ಪುತ್ತಾ?

ಇಲ್ಲ, ಇಲ್ಲ, ಇಲ್ಲ. ಈ ಭಯದಿಂದ ಒಳ್ಳೆ ಸೀಟು ಕಳೆದುಕೊಂಡ ಮಕ್ಕಳನ್ನು ನೋಡಿ ನನ್ನ ಹೊಟ್ಟೆ ಉರಿದಿದೆ. ಜೋಸಾದ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲನೆಯದು ನಿಮ್ಮ ರ‍್ಯಾಂಕಿಗೆ ಸಿಗದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ನಿಮ್ಮ ಮೂವತ್ತನೇ ಆಯ್ಕೆಯೇ ಆಗಿದ್ದರೂ, ಅದನ್ನು ಮೊದಲನೇ ಆಯ್ಕೆಯಾಗಿ ಹಾಕಿದ ಹಿಂದಿನ ರ‍್ಯಾಂಕಿನವರಿಗಿಂತ ನೀವೇ ಮುಂದೆ. ಮೇಲೆ ಎಷ್ಟು ಕನಸು ಇಟ್ಟರೂ ದಂಡ ಇಲ್ಲ.

ಹಾಗಾಗಿ ಕ್ರಮ ಹಾಕುವಾಗ ಚಾನ್ಸ್ ಮರೆತುಬಿಡಿ. "ಎರಡೂ ಸೀಟು ಕೈಯಲ್ಲಿದ್ದರೆ ಯಾವುದಕ್ಕೆ ಹೋಗ್ತೀಯ?" ಅಂತ ಮಗುವನ್ನು ಕೇಳಿ. ಉತ್ತರ ಬಂದದ್ದು ಮೇಲೆ. ಚಾನ್ಸ್ ಲೆಕ್ಕ ಬೇಕಾಗುವುದು ಪಟ್ಟಿ ಎಷ್ಟು ಕೆಳಗೆ ಹೋಗಬೇಕು ಅಂತ ತೀರ್ಮಾನಿಸಲು. ಆಯ್ಕೆಗಳಿಗೆ ಮಿತಿ ಇಲ್ಲ. ಹಸಿರು ಗುರುತಿನವು ಕೊನೆಯಲ್ಲಿ ಸಾಕಷ್ಟು ಇರಲಿ. ಆದರೆ ಯಾವ ಕಾರಣಕ್ಕೂ ಹೋಗುವುದಿಲ್ಲ ಅನ್ನುವ ಸೀಟನ್ನು ಹಾಕಬೇಡಿ. ಪಟ್ಟಿ ಲಾಕ್ ಮಾಡುವ ಮೊದಲು ಮಾಕ್ ಅಲಾಟ್‌ಮೆಂಟ್ (ಅಂದಾಜಿಗೆ ಮಾಡುವ ಹಂಚಿಕೆ) ತೋರಿಸುತ್ತಾರೆ. ಅದನ್ನು ನೋಡಿ ತಿದ್ದಿಕೊಳ್ಳಬಹುದು.

ಫ್ರೀಜ್, ಫ್ಲೋಟ್, ಸ್ಲೈಡ್ ಅಂದರೇನು?

ಸೀಟು ಬಂದ ಮೇಲೆ ಇದೇ ಸಾಕು ಅಂದರೆ ಫ್ರೀಜ್. ಇದನ್ನು ಹಿಡಿದಿಟ್ಟುಕೊಂಡು, ಪಟ್ಟಿಯಲ್ಲಿ ಮೇಲಿರುವ ಯಾವ ಕಾಲೇಜಿನದಾದರೂ ಬಂದರೆ ಹೋಗುತ್ತೇನೆ ಅಂದರೆ ಫ್ಲೋಟ್. ಇದೇ ಕಾಲೇಜಿನಲ್ಲಿ ಮೇಲಿನ ಬ್ರಾಂಚ್ ಬಂದರೆ ಮಾತ್ರ ಅಂದರೆ ಸ್ಲೈಡ್. ಸುರತ್ಕಲ್‌ನಲ್ಲೇ ಇರಬೇಕು, ಸಿವಿಲ್ ಬದಲು ಮೆಕ್ಯಾನಿಕಲ್ ಸಿಕ್ಕರೆ ಸಾಕು ಅನ್ನುವವರಿಗೆ ಸ್ಲೈಡ್ ಸರಿ. ಮೇಲಿನದು ಬಂದ ಕೂಡಲೇ ಕೆಳಗಿನದು ಹೋಗುತ್ತದೆ, ವಾಪಸ್ ಕೇಳುವಂತಿಲ್ಲ. ಯಾವುದೇ ಆರಿಸಿದರೂ ಹೇಳಿದ ದಿನದೊಳಗೆ ಸೀಟು ಒಪ್ಪಿಗೆಯ ಹಣ ಕಟ್ಟಬೇಕು, ದಾಖಲೆ ಹಾಕಬೇಕು. ಅದು ತಪ್ಪಿದರೆ ಕೌನ್ಸೆಲಿಂಗ್‌ನಿಂದಲೇ ಹೊರಗೆ.

ಪಿಯು ಮಾರ್ಕ್ಸ್ ಸೇರುತ್ತಾ?

ಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯು ಅರ್ಧ, ಸಿಇಟಿ ಅರ್ಧ. ಜೆಇಇ ರ‍್ಯಾಂಕಿನಲ್ಲಿ ಪಿಯು ಸೇರುವುದಿಲ್ಲ. ಆದರೆ ಎನ್‌ಐಟಿ ಸೇರಲು ಹನ್ನೆರಡನೇ ತರಗತಿಯಲ್ಲಿ 75 ಶೇಕಡಾ ಇರಬೇಕು, ಇಲ್ಲವೇ ನಿಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಒಳಗೆ ಇರಬೇಕು. ಎಸ್‌ಸಿ, ಎಸ್‌ಟಿ, ವಿಶೇಷಚೇತನರಿಗೆ 65. ಇದಕ್ಕೆ ಐದು ವಿಷಯ ಹಿಡಿಯುತ್ತಾರೆ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಒಂದು ಭಾಷೆ, ಇನ್ನೊಂದು ವಿಷಯ. ಕೋಚಿಂಗ್ ಮಾಡುವ ಮಕ್ಕಳು ಕನ್ನಡ, ಇಂಗ್ಲಿಷ್ ಪೇಪರನ್ನು ಕಡೆಗಣಿಸುತ್ತಾರೆ. 74ಕ್ಕೆ ನಿಂತವರಿಗೆ ಆ ಭಾಷೆಯ ಮಾರ್ಕ್ಸೇ ಆಸರೆ ಆಗುತ್ತದೆ.

ಕನ್ನಡದಲ್ಲಿ ಬರೆದರೆ ಚಾನ್ಸ್ ಕಮ್ಮಿಯಾಗುತ್ತಾ?

ಆಗುವುದಿಲ್ಲ. 2021ರಿಂದ ಜೆಇಇ ಮೇನ್ 13 ಭಾಷೆಗಳಲ್ಲಿದೆ, ಕನ್ನಡವೂ ಒಂದು. ಅನುವಾದದಲ್ಲಿ ಅನುಮಾನ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ರೂಢಿ ಮಾಡಿಕೊಂಡು ಹೋಗಿ.

ಸುರತ್ಕಲ್‌ನಲ್ಲಿ ಮೈನಿಂಗ್ ಸಿಗುತ್ತೆ, ಬೆಂಗಳೂರಲ್ಲಿ ಸಿಇಟಿಯಿಂದ ಕಂಪ್ಯೂಟರ್ ಸೈನ್ಸ್ ಸಿಗುತ್ತೆ. ಯಾವುದು?

ಇದಕ್ಕೆ ಪಟ್ಟಿಯಲ್ಲಿ ಉತ್ತರ ಇಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ. ಮಗುವಿಗೆ ಕೋಡಿಂಗ್‌ನಲ್ಲಿ ನಿಜವಾಗಿ ಆಸಕ್ತಿ ಇದ್ದರೆ, ಸಿಗುತ್ತಿರುವುದು ಆರ್‌ವಿ, ಬಿಎಂಎಸ್, ಯುವಿಸಿಇ ಮಟ್ಟದ ಕಾಲೇಜಾಗಿದ್ದರೆ, ಹೆಸರಿಗಾಗಿ ಸುರತ್ಕಲ್ ಹಿಡಿಯಬೇಡಿ. ಸೇರಿದ ಮೇಲೆ ಬ್ರಾಂಚ್ ಬದಲಾಯಿಸಬಹುದು ಅನ್ನುವ ಲೆಕ್ಕದ ಮೇಲೆ ಅಂತೂ ಹೋಗಲೇಬೇಡಿ. ಯಾವ ಬ್ರಾಂಚ್ ಅಂತ ಇನ್ನೂ ಗೊತ್ತಿಲ್ಲದ, ಓದುವ ಹಸಿವು ಇರುವ ಮಗುವಿಗೆ ನಾನು ಸುರತ್ಕಲ್ ಅನ್ನುತ್ತೇನೆ. ಹಾಸ್ಟೆಲಿನಲ್ಲಿ ದೇಶದ ಎಲ್ಲ ಕಡೆಯ ಮಕ್ಕಳು ಜೊತೆಗಿರುತ್ತಾರೆ. ಹೆದ್ದಾರಿ ದಾಟಿದರೆ ಸಮುದ್ರ. ನಾಲ್ಕು ವರ್ಷ ಅಲ್ಲಿ ಬೆಳೆಯುವುದಕ್ಕೆ ಬೆಲೆ ಇದೆ. ಮಗುವನ್ನು ಒಮ್ಮೆ ಎರಡೂ ಕಡೆ ಕರೆದುಕೊಂಡು ಹೋಗಿ ಬನ್ನಿ. ಬಸ್ಸಿನ ಖರ್ಚು ದೊಡ್ಡದಲ್ಲ.

ಫೀಸು ಕಟ್ಟೋಕಾಗುತ್ತಾ ಅನ್ನೋ ಚಿಂತೆ.

ಎನ್‌ಐಟಿಯ ಬೋಧನಾ ಶುಲ್ಕ ವರ್ಷಕ್ಕೆ 1,25,000 ರೂಪಾಯಿ. ಎಸ್‌ಸಿ, ಎಸ್‌ಟಿ, ವಿಶೇಷಚೇತನರಿಗೆ ಅದು ಪೂರ್ತಿ ಮಾಫಿ. ಯಾವ ಜಾತಿಯವರೇ ಆಗಲಿ, ಕುಟುಂಬದ ಆದಾಯ ವರ್ಷಕ್ಕೆ 1 ಲಕ್ಷಕ್ಕಿಂತ ಕಮ್ಮಿ ಇದ್ದರೆ ಪೂರ್ತಿ ಮಾಫಿ, 1ರಿಂದ 5 ಲಕ್ಷದ ನಡುವೆ ಇದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಹಾಸ್ಟೆಲ್, ಮೆಸ್ ಖರ್ಚು ಬೇರೆ. ದುಡ್ಡಿಲ್ಲ ಅಂತ ಚಾಯ್ಸ್ ಪಟ್ಟಿಯಲ್ಲೇ ಹಾಕದ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ.

ದುಡ್ಡು ಕೊಟ್ಟರೆ ಸೀಟು ಕೊಡಿಸ್ತೀವಿ ಅಂತ ಫೋನ್ ಬರುತ್ತೆ.

ಫೋನ್ ಇಟ್ಟುಬಿಡಿ. ಎನ್‌ಐಟಿಯಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಅನ್ನುವುದೇ ಇಲ್ಲ. ವಿದೇಶದಲ್ಲಿರುವ ಭಾರತೀಯರ ಮಕ್ಕಳಿಗೆ ಡಾಸಾ ಅಂತ ಬೇರೆ ಕೌನ್ಸೆಲಿಂಗ್ ಇದೆ. ಅದರಲ್ಲಿ ಗಲ್ಫ್ ದೇಶಗಳಲ್ಲಿ ದುಡಿಯುವವರ ಮಕ್ಕಳಿಗೆ ಪ್ರತ್ಯೇಕ ಪಾಲಿದೆ, ಸಿಐಡಬ್ಲ್ಯುಜಿ ಅಂತ. ಕರಾವಳಿಯ ಎಷ್ಟೋ ಮನೆಗಳಿಗೆ ಇದು ಅನ್ವಯಿಸುತ್ತದೆ. ಅದಕ್ಕೂ ಜೆಇಇ ಮೇನ್ ಬರೆಯಲೇಬೇಕು.

ಸಿಇಟಿ ಸೀಟು ಇಟ್ಟುಕೊಂಡು ಜೋಸಾ ಕಾಯಬಹುದಾ?

ಎರಡೂ ಬೇರೆ ಬೇರೆ, ಎರಡರಲ್ಲೂ ಇರಬಹುದು. ತೊಂದರೆ ಬರುವುದು ತಾರೀಖು ಮತ್ತು ಮೂಲ ದಾಖಲೆಗಳಿಂದ. ಎರಡರ ದಿನಾಂಕಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಎಲ್ಲಿಗೇ ಆಗಲಿ ಮೂಲ ಅಂಕಪಟ್ಟಿ ಕೊಡುವ ಮೊದಲು ಸ್ಕ್ಯಾನ್ ಮಾಡಿ, ಕೊಟ್ಟದ್ದಕ್ಕೆ ರಸೀದಿ ತಗೊಳ್ಳಿ. ಸೀಟು ರದ್ದು ಮಾಡುವ ಕೊನೇ ದಿನ, ಎಷ್ಟು ಹಣ ವಾಪಸ್ ಬರುತ್ತೆ, ಇವೆರಡನ್ನು ಹಣ ಕಟ್ಟುವ ಮುಂಚೆಯೇ ಓದಿಕೊಳ್ಳಿ.

ಜೋಸಾದ ಕೊನೇ ರೌಂಡಿನಲ್ಲೂ ಸಿಗಲಿಲ್ಲ. ಮುಗೀತಾ?

ಇನ್ನೂ ಮುಗಿದಿಲ್ಲ. ಎನ್‌ಐಟಿಗಳಲ್ಲಿ ಉಳಿದ ಸೀಟುಗಳಿಗೆ ಸಿಎಸ್‌ಎಬಿ (ಕೇಂದ್ರದ ಸೀಟು ಹಂಚಿಕೆ ಮಂಡಳಿ) ವಿಶೇಷ ರೌಂಡ್‌ಗಳನ್ನು ಮಾಡುತ್ತದೆ. ಅದಕ್ಕೆ ಬೇರೆ ನೋಂದಣಿ, ಬೇರೆ ಶುಲ್ಕ, ಹೊಸ ಆಯ್ಕೆ ಪಟ್ಟಿ. ಜೋಸಾದಲ್ಲಿ ಬಂದ ಒಂದು ಸೀಟು ಕೈಯಲ್ಲಿಟ್ಟುಕೊಂಡು ಇದರಲ್ಲಿ ಭಾಗವಹಿಸುವವರು ಎಚ್ಚರ. ಇಲ್ಲಿ ಹೊಸ ಸೀಟು ಬಂದರೆ ಹಳೆಯದು ತಾನಾಗಿಯೇ ರದ್ದಾಗುತ್ತದೆ. ಈಗಿನ ಸೀಟಿಗಿಂತ ನಿಜವಾಗಿ ಬೇಕಾದದ್ದನ್ನು ಮಾತ್ರ ಪಟ್ಟಿಯಲ್ಲಿ ಹಾಕಿ. ನೋಂದಣಿಗೆ ಸಿಗುವ ದಿನಗಳು ಕಮ್ಮಿ. ಜೋಸಾ ಮುಗಿದ ದಿನದಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸಿಎಸ್‌ಎಬಿ ಪ್ರಕಟಣೆ ನೋಡುತ್ತಿರಿ. ಏಪ್ರಿಲ್ ನಂತರದ ಪ್ರಮಾಣಪತ್ರ ಇದಕ್ಕೂ ಬೇಕು, ಕವರಿನಲ್ಲೇ ಇರಲಿ.